ಎರೆ ಹೊಲಕ್ಕೆ ಯಾವ ಗಾಡಿ: ಕರೆಂಟಿನದಾ, ಪೆಟ್ರೋಲಿನದಾ?

ಪ್ರಶ್ನೆ: ಸರ್, ನಮ್ಮದು ಸೇಡಂ ತಾಲೂಕಿನ ಹಳ್ಳಿ. ಹನ್ನೆರಡು ಎಕರೆ ಎರೆ ಹೊಲ ಇದೆ, ತೊಗರಿ ಹಾಕುತ್ತೇವೆ. ಸಣ್ಣದೊಂದು ಬೇಳೆ ಮಿಲ್ಲೂ ಇದೆ. ವಾರದಲ್ಲಿ ಆರು ದಿನ ಏಳೆಂಟು ಕ್ವಿಂಟಲ್ ಬೇಳೆ ಕಲಬುರಗಿ ಅಂಗಡಿಗಳಿಗೆ ಹಾಕಿ ಬರಬೇಕು. ಸದ್ಯ ಬಾಡಿಗೆ ಗಾಡಿ. ಇನ್ನು ಸ್ವಂತದ್ದು ತಗೊಳ್ಳೋಣ ಅಂತ 15 ಲಕ್ಷ ಇಟ್ಟುಕೊಂಡಿದ್ದೇನೆ. ಮಗ ಅಮೆರಿಕದ ಎಲೆಕ್ಟ್ರಿಕ್ ಪಿಕಪ್‌ಗಳ ವಿಡಿಯೊ ತೋರಿಸಿ ‘ಅಪ್ಪಾ, ಎಣ್ಣೆ ಗಾಡಿ ಕಾಲ ಮುಗೀತು’ ಅಂತಾನೆ. ನನ್ನ ಮನಸ್ಸು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪೆಟ್ರೋಲ್ ಗಾಡಿ, ಅಂದರೆ ಫೋರ್ ಬೈ ಫೋರ್ ಮೇಲಿದೆ. ಮಳೆಗಾಲದಲ್ಲಿ ಹೊಲಕ್ಕೂ ಆಗುತ್ತದೆ, ಊರಿಗೂ ಆಗುತ್ತದೆ. ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಯಾವುದು ತಗೊಳ್ಳಲಿ?

ಉತ್ತರ: ಅಣ್ಣಾರೇ, ನಿಮ್ಮ ಪತ್ರದ ಕೊನೆಗೆ ಬರೆದ ಟ್ರ್ಯಾಕ್ಟರ್ ಮಾತಿನಲ್ಲೇ ಅರ್ಧ ಉತ್ತರ ಇದೆ. ಹೊಲದ ಕೆಲಸಕ್ಕೆ ನಿಮ್ಮ ಹತ್ತಿರ ಆಗಲೇ ಒಳ್ಳೆಯ ಗಾಡಿ ಇದೆ. ಇಲ್ಲದಿರುವುದು ದಿನಾ ಕಲಬುರಗಿಗೆ ಹೋಗಿ ಬರುವ ಗಾಡಿ. ಆ ಕೆಲಸಕ್ಕೆ ಎಲೆಕ್ಟ್ರಿಕ್ ಮಿನಿ ಟ್ರಕ್ ನೋಡಿ ಅಂತ ನನ್ನ ಸಲಹೆ. ಹಾಗಂತ ಮಗ ತೋರಿಸುವ ಗಾಡಿಯನ್ನೂ ನಾನು ಹೇಳುತ್ತಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಅಮೆರಿಕದ ಗಾಡಿ. ಫೋರ್ಡ್‌ನ ಎಫ್-150 ಲೈಟ್ನಿಂಗ್, ರಿವಿಯನ್ ಆರ್1ಟಿ ನಿಜವಾಗಿಯೂ ಗಟ್ಟಿ ಗಾಡಿಗಳು. ಆದರೆ ನಮ್ಮ ದೇಶದಲ್ಲಿ ಅವನ್ನು ಮಾರುವುದಿಲ್ಲ. ಮಾರಿದ್ದರೂ ನಿಮ್ಮ ಹೊಲದ ದಾರಿಗೆ ನಾನು ಬೇಡ ಅಂತಲೇ ಹೇಳುತ್ತಿದ್ದೆ. ರಿವಿಯನ್ ಪಿಕಪ್ ಖಾಲಿ ಇದ್ದಾಗಲೇ ಮೂರು ಟನ್‌ಗಿಂತ ಜಾಸ್ತಿ ತೂಗುತ್ತದೆ. ಪೆಟ್ರೋಲ್ ಫೋರ್ ಬೈ ಫೋರ್ ಆದ ಮಾರುತಿ ಜಿಮ್ನಿ ತೂಗುವುದು ಸುಮಾರು 1,200 ಕೆ.ಜಿ. ಬಂಡೆಗಲ್ಲಿನ ಮೇಲೆ, ಗಟ್ಟಿ ನೆಲದ ಮೇಲೆ ಆ ಭಾರ ನಡೆಯುತ್ತದೆ. ಎರೆ ಮಣ್ಣು ಒದ್ದೆಯಾದರೆ ನಡೆಯುವುದಿಲ್ಲ.

ಎರೆ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಿಲ್ಲ. ಗಾಡಿ ಕಡೆಯಿಂದ ಮಾತ್ರ ಹೇಳುತ್ತೇನೆ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಮೊದಲ ಮಳೆ ಬಿದ್ದಾಗ ಮೇಲಿನ ಎರಡು ಬೆರಳು ಮಾತ್ರ ನೆನೆದು ಕೆಳಗೆ ಗಟ್ಟಿ ಇರುತ್ತದೆ. ಆಗ ಗಾಡಿ ಹೂಳುವುದಿಲ್ಲ, ಜಾರುತ್ತದೆ. ಮೂರು ದಿನ ಜಡಿಮಳೆ ಹಿಡಿದರೆ ಮೊಣಕಾಲುದ್ದ ಮೆತ್ತಗಾಗುತ್ತದೆ. ಆಗ ಹೂಳುತ್ತದೆ. ಎರಡೂ ಸಲ ರಾಡಿ ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹೊಸ ಟೈರೂ ಸವೆದ ಟೈರಿನಂತೆ ನುಣ್ಣಗಾಗಿಬಿಡುತ್ತದೆ. ಇನ್ನಷ್ಟು ಮುಂದೆ ಹೋದರೆ ಮಡ್‌ಗಾರ್ಡ್ ಒಳಗೆಲ್ಲ ಮಣ್ಣು ಕಟ್ಟಿ ಚಕ್ರವನ್ನೇ ಹಿಡಿದುಬಿಡುತ್ತದೆ.

ಇಂಥ ಜಾಗದಲ್ಲಿ ಎಂಜಿನ್ ಇದೆಯೋ ಮೋಟಾರ್ ಇದೆಯೋ ಅನ್ನುವುದು ಹಿಂದಿನ ಮಾತು. ಗಾಡಿ ಎಷ್ಟು ಹಗುರ, ಟೈರ್ ಎಂಥದ್ದು, ಹೊಟ್ಟೆ ನೆಲದಿಂದ ಎಷ್ಟು ಎತ್ತರ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದಾ, ಇವು ಮುಂದಿನ ಮಾತು. ಎಲೆಕ್ಟ್ರಿಕ್ ಮೋಟಾರ್‌ಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುತ್ತದೆ ಅನ್ನುವುದು ನಿಜ. ಕಲ್ಲು, ಏರು, ಮಡ್ಡಿ ನೆಲದಲ್ಲಿ ಅದು ತುಂಬ ಉಪಯೋಗಕ್ಕೆ ಬರುತ್ತದೆ. ಚಿಂಚೋಳಿ ಕಾಡಿನಂಚಿನ ತಾಂಡಾಗಳ ಕಡೆ ಹೋಗುವ ಕಲ್ಲುದಾರಿಯಲ್ಲಿ ಇಂಥ ಗಾಡಿ ಆಕ್ಸಿಲರೇಟರ್ ಮೇಲೆ ಬೆರಳಿಟ್ಟಷ್ಟಕ್ಕೇ ಮೆಲ್ಲಗೆ ಹತ್ತುತ್ತದೆ. ಹಸಿ ಎರೆಯಲ್ಲಿ ಮಾತ್ರ ಜಾಸ್ತಿ ಎಳೆತ ಕೊಟ್ಟಷ್ಟೂ ಚಕ್ರ ಸುಮ್ನೆ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪೆಟ್ರೋಲ್ ಫೋರ್ ಬೈ ಫೋರ್. ನಿಮ್ಮ ಹಣದಲ್ಲಿ ಜಿಮ್ನಿ ಬರುತ್ತದೆ, ಮಹೀಂದ್ರ ಥಾರ್‌ನ ಕೆಲವು ಮಾದರಿ ಬರುತ್ತವೆ. ಥಾರ್ ತಗೊಳ್ಳುವುದಾದರೆ ಒಂದು ಎಚ್ಚರ: ಕಡಿಮೆ ಬೆಲೆಯ ಕೆಲವು ಥಾರ್‌ಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಇರುತ್ತದೆ. ನೋಡುವುದಕ್ಕೆ ಎರಡೂ ಒಂದೇ ಥರ. ಬುಕ್ ಮಾಡುವಾಗ ‘ಫೋರ್ ಲೋ ಗೇರ್ ಇದೆಯಾ’ (ನಾಲ್ಕೂ ಚಕ್ರವನ್ನು ನಿಧಾನವಾಗಿ, ಜಾಸ್ತಿ ಎಳೆತದಿಂದ ತಿರುಗಿಸುವ ಗೇರ್) ಅಂತ ಬಾಯಿಬಿಟ್ಟು ಕೇಳಿ. ಜಿಮ್ನಿಯಲ್ಲಿ ಎಲ್ಲ ಮಾದರಿಗೂ ಅದು ಇದೆ. ನೆಲದಿಂದ 210 ಮಿ.ಮೀ. ಎತ್ತರ ಇದೆ, ಹಗುರವೂ ಇದೆ. ಹೊಲದ ದಾರಿಗೆ ಒಳ್ಳೆಯ ಗಾಡಿ. ಆದರೆ ಹಿಂದಿನ ಸೀಟು ಮಡಚದಿದ್ದರೆ ಸಾಮಾನಿಗೆ ಸಿಗುವ ಜಾಗ 208 ಲೀಟರ್ ಅಷ್ಟೇ. ಏಳೆಂಟು ಕ್ವಿಂಟಲ್ ಬೇಳೆ ಹಾಕುವುದು ಎಲ್ಲಿ? ಸೀಟು ಮಡಚಿದರೂ ಆಗುವುದಿಲ್ಲ, ಆ ಭಾರಕ್ಕೆ ಅದನ್ನು ಮಾಡಿಯೂ ಇಲ್ಲ. ಮೇಲಾಗಿ ಬಿಳಿ ಬೋರ್ಡ್ ಕಾರಿನಲ್ಲಿ ದಿನಾ ವ್ಯಾಪಾರದ ಮಾಲು ಸಾಗಿಸಿದರೆ ದಂಡವೂ ಬೀಳಬಹುದು, ಅಪಘಾತವಾದಾಗ ವಿಮೆಗೂ ತಕರಾರು ಬರಬಹುದು.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಸೆಪ್ಟೆಂಬರ್ 22ರಿಂದ 1,200 ಸಿಸಿ ದಾಟಿದ ಪೆಟ್ರೋಲ್ ಕಾರಿಗೆ ಶೇ 40 ಜಿಎಸ್‌ಟಿ. ಎಲೆಕ್ಟ್ರಿಕ್ ಗಾಡಿಗೆ ಶೇ 5. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದ ರಸ್ತೆ ತೆರಿಗೆ ಶೇ 17, ಮೇಲೆ ಸೆಸ್. ಶೋರೂಂ ಬೆಲೆ ನೋಡಿ 15 ಲಕ್ಷದಲ್ಲಿ ಆರಾಮಾಗಿ ಬರುತ್ತದೆ ಅಂದುಕೊಂಡ ಗಾಡಿ ರಸ್ತೆಗಿಳಿಯುವಾಗ ಕೈ ಮೀರುವುದು ಇಲ್ಲೇ.

ಇನ್ನು ಎಲೆಕ್ಟ್ರಿಕ್ ಮಿನಿ ಟ್ರಕ್. ಟಾಟಾ ಏಸ್ ಇವಿ 2022ರಲ್ಲಿ 600 ಕೆ.ಜಿ. ಹೊರುವ ಗಾಡಿಯಾಗಿ ಬಂತು. 2024ರಲ್ಲಿ ಒಂದು ಟನ್ ಹೊರುವ ಮಾದರಿ ಬಂತು. 2025ರ ಜೂನ್‌ನಲ್ಲಿ 750 ಕೆ.ಜಿ. ಹೊರುವ ಏಸ್ ಪ್ರೊ ಇವಿ 6.50 ಲಕ್ಷ ರೂಪಾಯಿ ಶೋರೂಂ ಬೆಲೆಗೆ ಬಂತು. ಬೆಲೆ ಕೇಳಿ ಕೊನೆಯದರ ಮೇಲೆ ಮನಸ್ಸು ಹೋಗುತ್ತದೆ, ಸಹಜ. ನಿಮಗೆ ಅದು ಬೇಡ. ಅದರ ಬ್ಯಾಟರಿ 14.4 ಯುನಿಟ್‌ನದ್ದು. ಕಂಪನಿ ಹೇಳುವ 155 ಕಿ.ಮೀ. ಪರೀಕ್ಷೆಯ ಲೆಕ್ಕ. ಮಾಲು ತುಂಬಿಕೊಂಡು ಹೋದಾಗ ಪರೀಕ್ಷೆಯ ಲೆಕ್ಕದಲ್ಲಿ ಮೂರನೇ ಒಂದು ಭಾಗ ಕಳೆದುಬಿಡಿ. ನಿಮಗೆ ಹೋಗಿ ಬರಲು ಹೆಚ್ಚುಕಡಿಮೆ 110 ಕಿ.ಮೀ. ಆಗುತ್ತದೆ. ಒಂದು ಟನ್ನಿನ ಮಾದರಿಯನ್ನೇ ನೋಡಿ. ಅದರಲ್ಲೂ ತೀರಾ ಅಂಚಿಗೆ ಬರುತ್ತೀರಿ. ಹಾಗಾಗಿ ಕಲಬುರಗಿಯ ಸಗಟು ಮಾರುಕಟ್ಟೆ ಗಂಜ್‌ನಲ್ಲಿ ಮಾಲು ಇಳಿಸುವ ಹೊತ್ತಿನಲ್ಲಿ ಒಂದು ತಾಸು ಎಲ್ಲಿ ಚಾರ್ಜ್ ಹಾಕಬಹುದು ಅಂತ ಗಾಡಿ ಕೊಳ್ಳುವ ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ. ಬೇಳೆ ಕೊಳ್ಳುವ ಅಂಗಡಿಯವರೇ ಒಂದು 16 ಆಂಪಿಯರ್ ಸಾಕೆಟ್ ಕೊಟ್ಟರೂ ಅಷ್ಟರಮಟ್ಟಿಗೆ ಧೈರ್ಯ.

ದಿನದ ಖರ್ಚು ನೋಡೋಣ. 110 ಕಿ.ಮೀ.ಗೆ ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ 24 ಯುನಿಟ್ ಹಿಡಿಯಿರಿ. ಯುನಿಟ್‌ಗೆ 8 ರೂಪಾಯಿ ಅಂದರೆ 192 ರೂಪಾಯಿ. ಜಿಮ್ನಿ ಲೀಟರ್‌ಗೆ 13 ಕಿ.ಮೀ. ಕೊಟ್ಟರೆ, ಪೆಟ್ರೋಲ್ 103 ರೂಪಾಯಿ ಅಂದರೆ, ಸುಮಾರು 870. ಆದರೆ ಈ ಹೋಲಿಕೆ ನ್ಯಾಯವಲ್ಲ. ಸರಿಯಾದ ಹೋಲಿಕೆ ಡೀಸೆಲ್ ಮಿನಿ ಟ್ರಕ್ ಜೊತೆ. ಅದು ಲೀಟರ್‌ಗೆ 20 ಕೊಟ್ಟರೆ, ಡೀಸೆಲ್ 91 ಅಂದರೆ, 500 ರೂಪಾಯಿ. ಅಂದರೆ ಎಲೆಕ್ಟ್ರಿಕ್‌ನಲ್ಲಿ ದಿನಕ್ಕೆ 300 ರೂಪಾಯಿ, ತಿಂಗಳಿಗೆ ಏಳೂವರೆ ಸಾವಿರ ಉಳಿಯುತ್ತದೆ. ನೀವು ಆರು ದಿನವೂ ಓಡಿಸುವವರು, ಅದಕ್ಕೇ ಈ ಲೆಕ್ಕ ನಿಮಗೆ ಕೂಡಿಬರುತ್ತದೆ. ವಾರಕ್ಕೆ ಎರಡು ಸಲ ಮಾತ್ರ ಓಡುವ ಗಾಡಿಯಾಗಿದ್ದರೆ ಡೀಸೆಲ್ ತಗೊಳ್ಳಿ ಅನ್ನುತ್ತಿದ್ದೆ.

ಇಲ್ಲಿ ಒಂದು ವಿಷಯ ತುಂಬ ಜನ ಮರೆಯುತ್ತಾರೆ. ಗೃಹಜ್ಯೋತಿ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಶುರುವಾದ ಯೋಜನೆ ಅದು, ನಿಮ್ಮ ಮನೆಗೂ ಇರುತ್ತದೆ. ದಿನಕ್ಕೆ 24 ಯುನಿಟ್ ಅಂದರೆ ತಿಂಗಳಿಗೆ 600. ಮನೆ ಮೀಟರ್‌ನಿಂದಲೇ ಚಾರ್ಜ್ ಮಾಡಿದರೆ 200 ಯುನಿಟ್ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಮನೆಯವರು ಬಳಸಿದ್ದಕ್ಕೂ ಸೇರಿ. ಗಾಡಿ ಚಾರ್ಜಿಂಗ್‌ಗೆ ಬೇರೆ ದರದ ಸಂಪರ್ಕ ಇದೆ. ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅದಕ್ಕೆ ಅರ್ಜಿ ಹಾಕಿ. ಹೊಲದ ಪಂಪ್‌ಸೆಟ್ ಲೈನಿಗೆ ಮಾತ್ರ ದಯವಿಟ್ಟು ಸಿಕ್ಕಿಸಬೇಡಿ. ಅದು ನೀರಾವರಿಗೆ ಅಂತ ಉಚಿತವಾಗಿ ಕೊಟ್ಟ ಕರೆಂಟ್, ಸಿಕ್ಕಿಬಿದ್ದರೆ ಕೇಸಾಗುತ್ತದೆ. ವೋಲ್ಟೇಜ್ ಏರಿಳಿತದಿಂದ ಚಾರ್ಜರ್ ಸುಡುವ ಭಯವೂ ಇದೆ.

ಗಾಡಿಯನ್ನು ಮಿಲ್ಲಿನಲ್ಲಿ ಚಾರ್ಜ್ ಮಾಡುವುದಾದರೆ ಅಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ಒಣಗಿದಾಗ ಅರ್ಥಿಂಗ್ ರಾಡ್ ಸುತ್ತ ಮಣ್ಣು ಬಿಟ್ಟುಕೊಳ್ಳುತ್ತದೆ. ಆಗಾಗ ನೀರು ಹಾಕಬೇಕು.

ದುಡ್ಡು ಕೊಡುವ ಮೊದಲು ಡೀಲರ್‌ಗೆ ಹೇಳಿ ಡೆಮೊ ಗಾಡಿ ತರಿಸಿ. ನಿಮ್ಮದೇ ಎಂಟು ಕ್ವಿಂಟಲ್ ಬೇಳೆ ಹಾಕಿ, ನಿಮ್ಮದೇ ದಾರಿಯಲ್ಲಿ, ಮಗನನ್ನೇ ಡ್ರೈವರ್ ಮಾಡಿ ಕಲಬುರಗಿಗೆ ಹೋಗಿ ಬನ್ನಿ. ಹೊರಡುವಾಗ ಬ್ಯಾಟರಿ ಶೇಕಡಾ ಎಷ್ಟು, ಮಳಖೇಡ ದಾಟುವಾಗ ಎಷ್ಟು, ಗಂಜ್ ಮುಟ್ಟಿದಾಗ ಎಷ್ಟು ಅಂತ ಬರೆದುಕೊಳ್ಳಿ. ಗಂಜ್ ಮುಟ್ಟಿದಾಗ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಮಧ್ಯಾಹ್ನದ ಚಾರ್ಜ್ ಇಲ್ಲದೆ ನಿಮಗೆ ಆಗುವುದಿಲ್ಲ. ಬ್ಯಾಟರಿ, ಮೋಟಾರ್ ರಿಪೇರಿ ಕಲಬುರಗಿಯಲ್ಲೇ ಆಗುತ್ತದಾ, ಗಾಡಿ ಹೈದರಾಬಾದಿಗೆ ಕಳಿಸಬೇಕಾ ಅಂತಲೂ ಕೇಳಿ. ಈ ಉತ್ತರ ಬರಹದಲ್ಲಿ ತಗೊಳ್ಳಿ.

ಮಳೆಗಾಲದಲ್ಲಿ ಹೊಲಕ್ಕೆ ಟ್ರ್ಯಾಕ್ಟರ್ ಸಾಕು. ಉಳಿದ ಹಣ ಮಿಲ್ಲಿಗೆ ಹಾಕಿ. ಟ್ರ್ಯಾಕ್ಟರ್ ಇಲ್ಲದ, ಮಾಲು ಸಾಗಿಸುವ ಕೆಲಸವೂ ಇಲ್ಲದ, ಮಳೆಯಲ್ಲಿ ಮನೆಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ತೋಟದ ಮನೆಯವರು ಕೇಳಿದ್ದರೆ ನಾನೇ ಜಿಮ್ನಿ ತಗೊಳ್ಳಿ ಅನ್ನುತ್ತಿದ್ದೆ.

ಪ್ರಶ್ನೆ: ನಾವು ಶಹಾಪುರದವರು. ಮೇ ತಿಂಗಳಲ್ಲಿ ನಮ್ಮ ಕಡೆ 42–43 ಡಿಗ್ರಿ ಬಿಸಿಲು. ಎಲೆಕ್ಟ್ರಿಕ್ ಪಿಕಪ್‌ನ ಬ್ಯಾಟರಿ ಈ ಬಿಸಿಲಿಗೆ ತಡೆಯುತ್ತದಾ?

ಉತ್ತರ: ತಡೆಯುತ್ತದೆ, ಆದರೆ ಆಯಸ್ಸು ಕಡಿಮೆ ಆಗುತ್ತದೆ. ಎಷ್ಟು ಕಡಿಮೆ ಅನ್ನುವುದು ನಿಮ್ಮ ಕೈಯಲ್ಲೇ ಬಹಳಷ್ಟಿದೆ. ಬ್ಯಾಟರಿಗೆ ಬಿಸಿಲಿಗಿಂತ ಕೆಟ್ಟದ್ದು ಬಿಸಿಲೂ ಪೂರ್ತಿ ಚಾರ್ಜೂ ಒಟ್ಟಿಗೆ ಬರುವುದು. ರಾತ್ರಿ ಪೂರ್ತಿ ತುಂಬಿಸಿ, ಬೆಳಗ್ಗೆ ಓಡಿಸದೆ, ತಗಡಿನ ಶೆಡ್ಡಿನಲ್ಲಿ ಇಡೀ ದಿನ ನಿಲ್ಲಿಸಿದರೆ ಒಳಗೊಳಗೇ ಸವೆಯುತ್ತದೆ. ತಗಡಿಗಿಂತ ಬೇವಿನ ಮರದ ನೆರಳು ಒಳ್ಳೆಯದು. ಮಧ್ಯಾಹ್ನ ಓಡಿಸಿ ಬಂದ ತಕ್ಷಣ ಫಾಸ್ಟ್ ಚಾರ್ಜ್ ಹಾಕಬೇಡಿ. ಹಾಕಿದರೂ ಗಾಡಿಯ ಕಂಪ್ಯೂಟರೇ ಚಾರ್ಜ್ ವೇಗ ಇಳಿಸಿಬಿಡುತ್ತದೆ, ನಿಮಗೆ ಸಮಯವೂ ಉಳಿಯುವುದಿಲ್ಲ. ಬೆಳಗಿನ ಜಾವ ಮುಗಿಯುವ ಹಾಗೆ ಮನೆಯಲ್ಲಿ ನಿಧಾನ ಚಾರ್ಜ್ ಮಾಡಿಕೊಳ್ಳಿ.

ಕೊಳ್ಳುವಾಗ ಎರಡು ಕೇಳಿ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದ್ದಾ? ಈ ಜಾತಿ ಬಿಸಿಗೆ ಹೆಚ್ಚು ತಡೆದುಕೊಳ್ಳುತ್ತದೆ, ಬೆಂಕಿಯ ಭಯವೂ ಕಡಿಮೆ. ಎರಡನೆಯದು, ಬ್ಯಾಟರಿಯನ್ನು ತಣ್ಣಗಿಡಲು ಕೂಲೆಂಟ್ ಓಡಾಡುತ್ತದಾ, ಬರೀ ಗಾಳಿಯಾ? ಶಹಾಪುರದ ಬಿಸಿಲಿಗೆ ಕೂಲೆಂಟ್ ಇರುವುದನ್ನೇ ನೋಡಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ವಾರಂಟಿ ಪತ್ರದಲ್ಲಿ ಎಷ್ಟು ವರ್ಷ ಅನ್ನುವುದರ ಜೊತೆಗೆ ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಅಂತಲೂ ಬರೆದಿರಬೇಕು. ಅದಿಲ್ಲದ ವಾರಂಟಿ ಅರ್ಧ ವಾರಂಟಿ.

ಪ್ರಶ್ನೆ: ಔರಾದ ತಾಲೂಕಿನಿಂದ ಬರೆಯುತ್ತಿದ್ದೇನೆ. ಮಳೆ ಬಂದರೆ ನಮ್ಮೂರ ಹಳ್ಳ ಸೇತುವೆ ಮೇಲೆ ಹರಿಯುತ್ತದೆ. ಎಲೆಕ್ಟ್ರಿಕ್ ಗಾಡಿ ನೀರಿಗಿಳಿದರೆ ಶಾಕ್ ಹೊಡೆಯುತ್ತದಾ? ಪೆಟ್ರೋಲ್ ಫೋರ್ ಬೈ ಫೋರ್ ಆದರೆ ದಾಟಬಹುದಲ್ವಾ?

ಉತ್ತರ: ಶಾಕ್ ಹೊಡೆಯುವುದಿಲ್ಲ. ಬ್ಯಾಟರಿಯ ಕರೆಂಟಿಗೂ ಗಾಡಿಯ ಮೈಗೂ ಸಂಪರ್ಕವೇ ಇರುವುದಿಲ್ಲ. ಎಲ್ಲಾದರೂ ಸೋರಿಕೆ ಕಂಡರೆ ಒಳಗಿನ ಸ್ವಿಚ್ ತಾನಾಗಿ ಕಡಿದುಕೊಳ್ಳುತ್ತದೆ. ಐಪಿ 67 ಅಂತ ಬರೆದ ಬ್ಯಾಟರಿಯನ್ನು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡಿರುತ್ತಾರೆ. ನೀರಿನ ಮಟ್ಟಿಗೆ ಎಲೆಕ್ಟ್ರಿಕ್ ಗಾಡಿಗೆ ಒಂದು ಮೇಲುಗೈಯೂ ಇದೆ: ಉಸಿರಾಡುವ ಎಂಜಿನ್ ಇಲ್ಲ, ಹಾಗಾಗಿ ನೀರು ಎಳೆದುಕೊಂಡು ಎಂಜಿನ್ ಒಡೆಯುವ ಪ್ರಶ್ನೆ ಇಲ್ಲ.

ಆದರೆ ನಿಮ್ಮ ಎರಡನೇ ಪ್ರಶ್ನೆ ಓದಿ ನನಗೆ ಗಾಬರಿಯಾಯಿತು. ದಯವಿಟ್ಟು ಯಾವ ಗಾಡಿಯಲ್ಲೂ ದಾಟಬೇಡಿ. ಥಾರ್‌ಗೆ 650 ಮಿ.ಮೀ., ಟಾಟಾದ ಎಲೆಕ್ಟ್ರಿಕ್ ಕಾರು ಹ್ಯಾರಿಯರ್ ಇವಿಗೆ 600 ಮಿ.ಮೀ. ನೀರು ದಾಟುವ ಶಕ್ತಿ ಇದೆ ಅಂತ ಬರೆದಿರುವುದು ನಿಂತ ನೀರಿಗೆ, ಕೆಳಗಿನ ನೆಲ ಗೊತ್ತಿರುವ ಕಡೆಗೆ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ಇದ್ದರೆ ಥಾರ್‌ನಂಥದ್ದನ್ನೂ ಸೇತುವೆಯಿಂದ ಕೆಳಗೆ ತಳ್ಳುತ್ತದೆ. ರಾಡಿ ನೀರಿನಡಿ ಸೇತುವೆಯ ಅಂಚು ಇದೆಯೋ ಕೊಚ್ಚಿಹೋಗಿದೆಯೋ ನಿಮಗೆ ಕಾಣುವುದಿಲ್ಲ.

ನಿಲ್ಲಿಸಿದ್ದ ಗಾಡಿಗೇ ನೀರು ನುಗ್ಗಿದ್ದರೆ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಗಾಡಿಯಾದರೆ ಎಂಜಿನ್ ಹಾಳಾಗುತ್ತದೆ, ಆಮೇಲೆ ವಿಮೆಯವರು ನೀವೇ ಸ್ಟಾರ್ಟ್ ಮಾಡಿ ಕೆಡಿಸಿದ್ದು ಅಂತಾರೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇದ್ದರೆ ಮಾತ್ರ ಹಣ ಬರುತ್ತದೆ. ಎಲೆಕ್ಟ್ರಿಕ್ ಆದರೆ ಚಾರ್ಜರ್ ಸಿಕ್ಕಿಸಬೇಡಿ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ದೂರ ಎಳೆಯಲೂ ಬೇಡಿ, ಚಕ್ರ ತಿರುಗಿದರೆ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ. ನಾಲ್ಕೂ ಚಕ್ರ ಮೇಲಿರುವ ಹಾಗೆ ಟ್ರಾಲಿ ಮೇಲೆ ಏರಿಸಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.