ಎಡಿಎಚ್‌ಡಿ ಇರುವ ಕೈದಿಗೆ ಮಾತ್ರೆ ಕೊಟ್ಟರೆ ಮರು-ಅಪರಾಧ ನಿಲ್ಲುತ್ತದೆಯೇ?

ತಮ್ಮನಿಗೆ ಜೈಲಿನ ಆರು ಪ್ರಶ್ನೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇರುವ ತೊಂದರೆ) ಅಂತ ಬಂದಿದೆ, ಮಾತ್ರೆ ಶುರುಮಾಡಿದರೆ ಮತ್ತೆ ಒಳಗೆ ಹೋಗುವುದು ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಆ ಪಟ್ಟಿ ಬರೀ ಜರಡಿ, ರೋಗನಿರ್ಣಯವಲ್ಲ. ನಿದ್ದೆಗೇಡು, ಆತಂಕ, ಮಾದಕವಸ್ತು ಬಿಟ್ಟ ಮೊದಲ ವಾರಗಳ ಚಡಪಡಿಕೆ, ತಲೆಗೆ ಬಿದ್ದ ಹಳೆಯ ಪೆಟ್ಟು, ಇವೆಲ್ಲ ಅದರಲ್ಲಿ ಎಡಿಎಚ್‌ಡಿಯಂತೆಯೇ ಕಾಣುತ್ತವೆ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವೇ, ಮನೆ ಶಾಲೆ ಎರಡೂ ಕಡೆ ಕಂಡಿದ್ದವೇ ಎಂಬುದೇ ಮುಖ್ಯ. ಹಳೆಯ ಅಂಕಪಟ್ಟಿ, ಶಿಕ್ಷಕರ ಷರಾ, ಅಮ್ಮನ ನೆನಪು ಏನಿದ್ದರೂ ಮನೋವೈದ್ಯರಿಗೆ ತಲುಪಿಸಿ.

ಮಾತ್ರೆಯ ಪರ ಎಲ್ಲರೂ ಎತ್ತಿ ಹೇಳುವುದು 2012ರ ಸ್ವೀಡನ್ ಅಧ್ಯಯನ. 25,000ಕ್ಕೂ ಹೆಚ್ಚು ಜನರಲ್ಲಿ, ಔಷಧಿ ನಡೆಯುತ್ತಿದ್ದ ಅವಧಿಗಳಲ್ಲಿ ಅಪರಾಧದ ಪ್ರಮಾಣ ಗಂಡಸರಲ್ಲಿ 32%, ಹೆಂಗಸರಲ್ಲಿ 41% ಕಡಿಮೆ. ಆದರೆ ಅದು ದಾಖಲೆಗಳ ಹೋಲಿಕೆ. ತಪ್ಪದೆ ಮಾತ್ರೆ ನುಂಗುವ ದಿನಗಳಲ್ಲಿ ಬದುಕೂ ಒಂದಿಷ್ಟು ನೆಟ್ಟಗಿದ್ದಿರಬಹುದು. ಬ್ರಿಟನ್ನಿನ ಜೈಲುಗಳಲ್ಲಿ 16ರಿಂದ 25 ವಯಸ್ಸಿನ 200 ಯುವಕರ ಮೇಲೆ 8 ವಾರ ನಡೆದ ಪ್ರಯೋಗದಲ್ಲಿ ಎಡಿಎಚ್‌ಡಿಯ ಔಷಧಿಯಾದ ಮೀಥೈಲ್‌ಫೆನಿಡೇಟ್ ಪಡೆದವರಿಗೂ ಹುಸಿಮಾತ್ರೆ ಪಡೆದವರಿಗೂ ಲಕ್ಷಣಗಳಲ್ಲೇ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಿಮ್ಮ ತಮ್ಮನಿಗೆ ಉಪಯೋಗವಿಲ್ಲ ಎಂದಲ್ಲ. ಮಾತ್ರೆಯೊಂದನ್ನೇ ನಂಬಬೇಡಿ, ಅಷ್ಟೆ.

ಶುರುಮಾಡುವುದಾದರೆ ದಿನಕ್ಕೊಂದೇ ಸಲ ಕೊಡುವ, ನಿಧಾನವಾಗಿ ಬಿಡುಗಡೆಯಾಗುವ ಬಗೆಯೇ ಜೈಲಿಗೆ ಸರಿ. ಬಿಡಿ ಮಾತ್ರೆ ಕೈಬದಲಾಗುತ್ತದೆ, ಕಸಿದುಕೊಳ್ಳುವವರೂ ಇರುತ್ತಾರೆ. ಡೋಸ್ ಏರಿಸಿದಾಗಲೆಲ್ಲ ರಕ್ತದೊತ್ತಡ, ನಾಡಿ ನೋಡಬೇಕು. ಸಾಮಾನ್ಯವಾಗಿ ಎಡವುವುದು ಬಿಡುಗಡೆಯ ವಾರದಲ್ಲಿ: ಚೀಟಿ ಇಲ್ಲ, ಹೊರಗಿನ ವೈದ್ಯರಿಗೆ ಹಿನ್ನೆಲೆ ಗೊತ್ತಿಲ್ಲ, ಔಷಧಿ ನಿಂತೇಹೋಗುತ್ತದೆ. ಚಿಕಿತ್ಸೆಯ ಸಾರಾಂಶಪತ್ರ, ಮೊದಲ ಭೇಟಿಯ ದಿನಾಂಕ ಎರಡನ್ನೂ ಬಿಡುಗಡೆಗೆ ಮುಂಚೆಯೇ ಕೇಳಿ ಪಡೆಯಿರಿ.