ಒಂದು ಬೆಕ್ಕಿನ ಮೇಲೆ ಹೊರಿಸಿದ ಭಾರ

ಮಾನ್ಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ನ್ಯೂಜಿಲೆಂಡಿನ ರೆನ್ ಎಂಬ ಪುಟ್ಟ ಹಕ್ಕಿಗಳ ಟಿಪ್ಪಣಿಯನ್ನು ಓದಿ ತಾವು ಎರಡು ಪ್ರಶ್ನೆ ಕೇಳಿದ್ದೀರಿ. ಇವು ಯುರೋಪಿನ ರೆನ್‌ಗಳ ಬಳಗವೇ? ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವೊಂದರ ಒಂದೇ ಬೆಕ್ಕು ಇಡೀ ಪ್ರಭೇದವನ್ನು ತಿಂದು ಮುಗಿಸಿತೆಂದು ನಾವು ಬರೆದದ್ದು ನಿಜವೇ?

ಮೊದಲನೆಯದಕ್ಕೆ ಉತ್ತರ ಸುಲಭ. ದುಂಡು ಮೈ ಮತ್ತು ಮೊಟಕು ಬಾಲವನ್ನು ಕಂಡು ವಲಸಿಗರು ತಮ್ಮೂರಿನ ಹಕ್ಕಿಯ ಹೆಸರನ್ನು ಇವಕ್ಕೆ ಇಟ್ಟರು, ಅಷ್ಟೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಹಕ್ಕಿ ಪ್ರಭೇದಗಳು ಸೇರಿರುವ ಗುಬ್ಬಿಗಳ ಗಣದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದು ಬೇರೆಯಾದ ವಂಶ ಇವುಗಳದು. ನಮ್ಮ ಹಿತ್ತಲಿನ ಸಿಂಪಿಗಕ್ಕೆ ಕಾಗೆಯಾದರೂ ಹತ್ತಿರದ ನೆಂಟ, ಈ ರೆನ್ ಅದಕ್ಕಿಂತ ದೂರದ್ದು. ಇಂದು ಉಳಿದಿರುವುದು ಎರಡೇ ಪ್ರಭೇದ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಟಿಟಿಟಿಪೌನಮು ಎಂದು ಕರೆಯುವ ರೈಫಲ್‌ಮನ್ ಕೇವಲ ಆರೇಳು ಗ್ರಾಂ ತೂಗುತ್ತದೆ. ಆ ದೇಶದ ಅತಿ ಚಿಕ್ಕ ಹಕ್ಕಿಯಾದ ಇದರ ಹೆಣ್ಣು ತನ್ನ ತೂಕದ ಐದನೆಯ ಒಂದು ಪಾಲಿನಷ್ಟು ದೊಡ್ಡ ಮೊಟ್ಟೆಯಿಡುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಇನ್ನೊಂದು, ದಕ್ಷಿಣ ದ್ವೀಪದ ಮರಗಳ ಎಲ್ಲೆ ಮೀರಿದ ಬೆಟ್ಟಗಳಲ್ಲಿ, ಹಿಮ ಬೀಳುವ ಚಳಿಗಾಲದಲ್ಲೂ ಅಲ್ಲಿಂದ ಇಳಿಯದೆ ಬಂಡೆಗಳ ನಡುವೆ ಬಾಳುವ ಬಂಡೆ ರೆನ್.

ಎರಡನೆಯ ಪ್ರಶ್ನೆಯಲ್ಲಿ ತಪ್ಪು ನಮ್ಮದು. ನ್ಯೂಜಿಲೆಂಡಿನ ಉತ್ತರ ಮತ್ತು ದಕ್ಷಿಣ ದ್ವೀಪಗಳ ನಡುವಿನ ಕುಕ್ ಜಲಸಂಧಿಯ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭದ ದೀಪ ಹೊತ್ತಿತು. ಅಲ್ಲಿನ ನೌಕರ ಡೇವಿಡ್ ಲಯಾಲ್ ತನ್ನ ಬೆಕ್ಕು ಹಿಡಿದು ತಂದ, ಹಾರಲಾರದೆ ಇಲಿಯಂತೆ ಓಡುವ ಹಕ್ಕಿಗಳನ್ನು ವಿದ್ವಾಂಸರಿಗೆ ಕಳುಹಿಸಿದ. ಅದೇ ಹಕ್ಕಿಗೆ ಅವನ ಹೆಸರನ್ನಿಟ್ಟರು. ಆದರೆ ಮರುವರ್ಷದ ಹೊತ್ತಿಗೆ ದ್ವೀಪದಲ್ಲಿ ಕಾಡುಬಿದ್ದ ಬೆಕ್ಕುಗಳು ಹಲವು ಇದ್ದವು, ಹಕ್ಕಿ ಮಾತ್ರ ಬಹುತೇಕ ಕಣ್ಮರೆಯಾಗಿತ್ತು. ಅದಕ್ಕೂ ಮಿಗಿಲಾದ ಮಾತೆಂದರೆ, ಇದರ ಎಲುಬುಗಳು ಉತ್ತರ ಮತ್ತು ದಕ್ಷಿಣ ದ್ವೀಪಗಳೆರಡರಲ್ಲೂ ಸಿಕ್ಕಿವೆ. ಪಾಲಿನೇಸಿಯದಿಂದ ಮನುಷ್ಯರೊಂದಿಗೆ ದೋಣಿಯಲ್ಲಿ ಬಂದಿಳಿದ ಇಲಿಗಳು ಮುಖ್ಯ ನಾಡಿನಲ್ಲಿ ಅದನ್ನು ಎಂದೋ ಅಳಿಸಿಹಾಕಿದ್ದವು. ಇಲಿ ತಲುಪದಿದ್ದ, ಸುಮಾರು 150 ಹೆಕ್ಟೇರಿನ ಆ ದ್ವೀಪವೊಂದೇ ಅದಕ್ಕೆ ಕೊನೆಯ ನೆಲೆಯಾಗಿತ್ತು. ಒಂದು ಬೆಕ್ಕಿನ ಕಥೆ ಹೇಳಲು ಸೊಗಸು. ಆದರೆ ಶತಮಾನಗಳ ನಾಶವನ್ನು ಅದು ಮರೆಮಾಡುತ್ತದೆ.

ಹಾಗಾಗಿಯೇ ಅದೇ ದುರಂತ ಮರುಕಳಿಸಿದ್ದನ್ನೂ ಬರೆಯಬೇಕಿತ್ತು. 1960ರ ದಶಕದಲ್ಲಿ ನ್ಯೂಜಿಲೆಂಡಿನ ದಕ್ಷಿಣ ತುದಿಯ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಹಡಗಿನ ಇಲಿಗಳು ನುಗ್ಗಿದಾಗ, ಪೊದೆ ರೆನ್ ಎಂಬ ಮತ್ತೊಂದು ಪ್ರಭೇದದ ಆರು ಹಕ್ಕಿಗಳನ್ನು 1964ರಲ್ಲಿ ಕೈಮೊಹು ಎಂಬ ಪುಟ್ಟ ದ್ವೀಪಕ್ಕೆ ಸಾಗಿಸಿದರು. ಅವು ನೆಲೆಯೂರಲಿಲ್ಲ. ಕೊನೆಯದಾಗಿ ಕಂಡದ್ದು 1972ರಲ್ಲಿ. ಈಗ ಬಂಡೆ ರೆನ್‌ನ ಗೂಡಿಗೆ ನುಗ್ಗುತ್ತಿರುವುದು, ಮೊಲಗಳನ್ನು ಹತ್ತಿಕ್ಕಲೆಂದು 1880ರ ದಶಕದಲ್ಲಿ ತಂದುಬಿಟ್ಟ ಸ್ಟೋಟ್ ಎಂಬ ಚಿಕ್ಕ ಮಾಂಸಾಹಾರಿ. ಮುಂಗುಸಿಯಂತೆ ತೆಳ್ಳಗಿನ ಮೈಯುಳ್ಳ ಅದು ಬಂಡೆಯ ಸಂದಿಯೊಳಗೂ ತೂರಬಲ್ಲದು.

ಬೆಕ್ಕಿನ ಕುರಿತ ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇವೆ. ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರಲಿದೆ.

— ಸಂಪಾದಕ