ಗುಡ್ಡ ಬೀಳಲಿ ಎಂದ ಹುಡುಗ

ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಆದ ಮೇಲೆ ನಾನು ಕಂಡ ಹಲವು ಮನೆಗಳಲ್ಲಿ ಒಂದು ಹೊಸ ರೂಢಿ ಶುರುವಾಗಿದೆ. ಮಳೆ ಬಲವಾಗುತ್ತಿದ್ದಂತೆ ಚಿಕ್ಕ ಮಕ್ಕಳನ್ನು ಮೈಸೂರಿಗೋ ಬೆಂಗಳೂರಿಗೋ ನೆಂಟರ ಮನೆಗೆ ಕಳುಹಿಸುವುದು, ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕರೆತರುವುದು. ಜುಲೈ, ಆಗಸ್ಟ್‌ನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಶಾಲೆಗೂ ಮಳೆ ರಜೆ ಬರುತ್ತಲೇ ಇರುತ್ತದೆ. ಓದು ಹೋದರೆ ಹೋಗಲಿ, ಜೀವ ಉಳಿಯಲಿ ಎಂಬ ಲೆಕ್ಕ. ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ, ಮರುವರ್ಷ ತೋರ ಗ್ರಾಮದ ಗುಡ್ಡ ಕುಸಿದ ಸುದ್ದಿ ಕೇಳಿದವರಿಗೆ ಈ ಭಯ ಅತಿಯಾಯಿತು ಎನ್ನುವ ಧೈರ್ಯ ನನಗಿಲ್ಲ. ಆದರೆ ಹಾಗೆ ಹೋಗಿ ಬಂದ ಮಕ್ಕಳಲ್ಲಿ ಕೆಲವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಬಳಿಗೆ ಬರುತ್ತಾರೆ. ಅವರಲ್ಲಿ ಒಬ್ಬನ ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆರು ವರ್ಷದ ಹುಡುಗ. ಕಾಫಿ ತೋಟದ ಇಳಿಜಾರಿನ ಬುಡದಲ್ಲಿ ಮನೆ. ಮೈಸೂರಿನ ಚಿಕ್ಕಮ್ಮನ ಮನೆಯಿಂದ ಬಂದ ಮೇಲೆ ಹಾಸಿಗೆಯಲ್ಲಿ ಮೂತ್ರ ಮಾಡತೊಡಗಿದ್ದ. ಮೂರೂವರೆ ವರ್ಷಕ್ಕೇ ಬಿಟ್ಟುಹೋಗಿದ್ದ ಅಭ್ಯಾಸ. ಬೆರಳು ಚೀಪುವುದೂ ಮರಳಿತ್ತು. ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡೇ ಕಳುಹಿಸಿದ್ದರು. (ಆ ಪರೀಕ್ಷೆ ಆಗದೆ ಬಂದವರನ್ನು ನಾನು ಮೊದಲು ಅಲ್ಲಿಗೇ ಕಳುಹಿಸುತ್ತೇನೆ.)

ತಂದೆ ಓದಿಕೊಂಡವರು. ಮಗುವಿನ ಮನಸ್ಸು ಬೆಳೆಯುವ ಬಗೆಗೆ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ ಹೇಳಿದ ಐದು ಹಂತಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿ, "ಮೇಡಂ, ಇವನು ಗುದ ಹಂತದಲ್ಲಿ ಸಿಕ್ಕಿಕೊಂಡಿದ್ದಾನೆಯೇ?" ಎಂದು ಕೇಳಿದರು. ಮಗು ಮಲವಿಸರ್ಜನೆಯ ಹಿಡಿತ ಕಲಿಯುವ ವಯಸ್ಸಿನ ಹಂತ ಅದು. ಬಿ.ಇಡಿ. ಪರೀಕ್ಷೆಗೆ ಬಾಯಿಪಾಠ ಮಾಡಿಸುವ ಈ ಪಟ್ಟಿಯಿಂದ ನನಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಮಗುವಿಗೆ ಹಂತದ ಚೀಟಿ ಅಂಟಿಸಿದ ಕೂಡಲೇ ದೊಡ್ಡವರು ತಾವು ಮಾಡಿದ್ದನ್ನು ನೋಡುವುದು ನಿಲ್ಲಿಸುತ್ತಾರೆ. ಕಷ್ಟ ಬಂದಾಗ ಮಗು ಹಿಂದಿನ, ಸುಖವಾಗಿದ್ದ ವಯಸ್ಸಿನ ನಡವಳಿಕೆಗೆ ಮರಳುವುದನ್ನು ಮನೋವಿಶ್ಲೇಷಕರು ಹಿಂಜರಿತ ಎನ್ನುತ್ತಾರೆ. ಫ್ರಾಯ್ಡ್‌ನ ಮಗಳು ಅನಾ ಫ್ರಾಯ್ಡ್ 1936ರ ತನ್ನ ಪುಸ್ತಕದಲ್ಲಿ ಇದನ್ನು ಮನಸ್ಸಿನ ರಕ್ಷಣಾ ತಂತ್ರಗಳ ಸಾಲಿಗೆ ಸೇರಿಸಿದಳು. ಹುಡುಗ ಯಾವುದರಿಂದ ತನ್ನನ್ನು ರಕ್ಷಿಸಿಕೊಳ್ಳುತ್ತಿದ್ದ ಎಂಬುದು ನನಗೆ ಬೇಕಾಗಿತ್ತು.

ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು: "ಮೊದಲ ಕೆಲವು ದಿನ ಅತ್ತ. ಆಮೇಲೆ ತುಂಬ ಒಳ್ಳೆಯ ಹುಡುಗನಾದ, ಅಮ್ಮನ ಹೆಸರನ್ನೇ ಎತ್ತಲಿಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ಕಿವಿ ನಿಮಿರುತ್ತದೆ. ಆಸ್ಪತ್ರೆಗೆ ಸೇರಿ ತಾಯಿಯಿಂದ ಬೇರೆಯಾದ ಎಳೆಯ ಮಕ್ಕಳು ಮೊದಲು ಪ್ರತಿಭಟಿಸುತ್ತಾರೆ, ನಂತರ ಹತಾಶರಾಗುತ್ತಾರೆ, ಕೊನೆಗೆ ವಿಮುಖರಾಗುತ್ತಾರೆ ಎಂದು ಬ್ರಿಟನ್ನಿನ ಸಂಶೋಧಕರಾದ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲಿ ತೋರಿಸಿದ್ದರು. ಆಸ್ಪತ್ರೆಯ ಸಿಬ್ಬಂದಿ ಆಗ ಆ ಮೂರನೆಯದನ್ನೇ 'ಹೊಂದಿಕೊಂಡಿತು' ಎಂದು ತಿಳಿದಿದ್ದರು. ಆ ಸಂಶೋಧಕರು ನೋಡಿದ್ದು ಇವನಿಗಿಂತ ಚಿಕ್ಕ ಮಕ್ಕಳನ್ನು, ನಿಜ. ಆದರೂ ಆ ಮೌನವನ್ನು ನಾನು ಒಳ್ಳೆಯತನವೆಂದು ನಂಬಲಿಲ್ಲ.

ಆಟದಲ್ಲಿ ವಿಷಯ ಹೊರಬಿತ್ತು. ಮರದ ತುಂಡುಗಳಿಂದ ಮನೆ ಕಟ್ಟಿ, ಹಿಂದೆ ದಿಂಬುಗಳನ್ನು ಪೇರಿಸಿ ಗುಡ್ಡ ಮಾಡಿದ. ಅಮ್ಮನ ಗೊಂಬೆಯನ್ನು ಮನೆಯೊಳಗೆ ಮಲಗಿಸಿದ. ಹುಡುಗನ ಗೊಂಬೆಯನ್ನು ಅಂಗಳದಲ್ಲಿ ಕೂರಿಸಿದ.

"ಇವನೇಕೆ ಮಲಗಿಲ್ಲ?"

"ಕಾಯುತ್ತಿದ್ದಾನೆ."

"ಏನನ್ನು?"

"ಗುಡ್ಡವನ್ನು. ಎಚ್ಚರವಾಗಿದ್ದರೆ ಬೀಳುವುದಿಲ್ಲ."

"ಅದನ್ನು ಇವನೇ ಏಕೆ ಕಾಯಬೇಕು?"

ಉತ್ತರ ಬರಲು ತುಂಬ ಹೊತ್ತಾಯಿತು. "ಬೀಳಲಿ ಎಂದು ಹೇಳಿದ್ದು ಇವನೇ ಅಲ್ಲವೇ? ಅಮ್ಮನ ಮೇಲೆ. ಅವಳು ಹೇಳದೆ ಬಸ್ಸು ಹತ್ತಿದಳು."

ತಾಯಿ ಅವನನ್ನು ಮೈಸೂರಿಗೆ ಬಿಡಲು ಹೋದವರು, ಅವನು ನಿದ್ದೆಯಲ್ಲಿದ್ದಾಗ ಹೊರಟು ಬಂದಿದ್ದರು. ಅಳು ನೋಡಲಾರದೆ ಮಾಡಿದ ಕೆಲಸ. ಅಜ್ಜಿಯ ಸಲಹೆಯೂ ಅದೇ ಆಗಿತ್ತು. ಎದ್ದು ನೋಡಿದ ಹುಡುಗ ಸಿಟ್ಟಿನಲ್ಲಿ ಶಪಿಸಿದ. ಮೊದಲೇ ಮನೆಯಲ್ಲಿ ದಿನವೂ ಗುಡ್ಡದ ಮಾತು. ರಾತ್ರಿಯೆಲ್ಲ ಕಾವಲು ಕುಳಿತು, ತಡೆಯಲಾರದೆ ನಿದ್ದೆಗೆ ಜಾರಿ, ಬೆಳಗಿನ ಜಾವ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಮನಸ್ಸಿನಲ್ಲಿ ಬಯಸಿದ್ದು ಹೊರಗೆ ನಡೆದೇ ಬಿಡುತ್ತದೆ ಎಂಬ ಈ ನಂಬಿಕೆಯನ್ನು ಫ್ರಾಯ್ಡ್ 1913ರಲ್ಲಿ ಆಲೋಚನೆಯ ಸರ್ವಶಕ್ತತೆ ಎಂದು ವಿವರಿಸಿದ್ದ. ಫ್ರಾಯ್ಡ್ ಹೇಳಿದ್ದರಲ್ಲಿ ನಾನು ಒಪ್ಪದಿರುವುದು ಬಹಳಷ್ಟಿದೆ. ಇದನ್ನು ಮಾತ್ರ ಮಕ್ಕಳ ಬಾಯಲ್ಲೇ ಕೇಳಿದ್ದೇನೆ.

"ಅಮ್ಮನಿಗೆ ಹೇಳೋಣವೇ?" ಎಂದೆ. "ನೀವೇ ಹೇಳಿ" ಎಂದ.

ತಾಯಿ ಕೇಳಿಸಿಕೊಂಡು ಅತ್ತರು. ಆಮೇಲೆ "ಹಾಗೆಲ್ಲ ಹೇಳಬಾರದೆಂದು ಬುದ್ಧಿ ಹೇಳಲೇ?" ಎಂದರು. ಬೇಡವೆಂದೆ. ಗದರಿದರೆ ತನ್ನ ಮಾತಿಗೆ ನಿಜವಾಗಿಯೂ ಗುಡ್ಡ ಉರುಳಿಸುವ ಬಲವಿದೆ ಎಂದೇ ಅವನು ತಿಳಿಯುತ್ತಾನೆ. "ನಿನಗೆ ಸಿಟ್ಟು ಬಂದದ್ದು ಸರಿ. ನಾನು ಹೇಳದೆ ಬರಬಾರದಾಗಿತ್ತು. ಸಿಟ್ಟಿನ ಮಾತಿನಿಂದ ಗುಡ್ಡ ಬೀಳುವುದಿಲ್ಲ" ಎಂದು ಅವರ ಬಾಯಿಂದಲೇ ಬರಬೇಕಿತ್ತು. ತಂದೆಗೆ ಬೇರೆ ಕೆಲಸ ಕೊಟ್ಟೆ: ದಿನಗಟ್ಟಲೆ ಮಳೆ ಹೊಡೆದಾಗ ಮಣ್ಣು ನೀರು ಕುಡಿದು ಭಾರವಾಗುವುದು, ರಸ್ತೆಗೋ ಮನೆಗೋ ಕಡಿದ ಇಳಿಜಾರು ಹಿಡಿತ ಕಳೆದುಕೊಳ್ಳುವುದು, ಇದನ್ನು ತೋಟದಲ್ಲೇ ತೋರಿಸಿ ಹೇಳಿ ಎಂದು. ಹಾಸಿಗೆ ಒದ್ದೆಯಾದರೆ ಬೈಯದೆ, ತಂಗಿಯ ಎದುರು ಆಡಿಕೊಳ್ಳದೆ ಬದಲಿಸಬೇಕು. ಮುಂದಿನ ಕೆಲಸವೆಲ್ಲ ತಂದೆ ತಾಯಿಯದೇ. 1909ರಲ್ಲಿ ಫ್ರಾಯ್ಡ್ ಪ್ರಕಟಿಸಿದ, ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಪ್ರಕರಣದಲ್ಲೂ ಚಿಕಿತ್ಸೆ ನಡೆಸಿದ್ದು ಹೆಚ್ಚಾಗಿ ತಂದೆಯೇ.

ಅಜ್ಜ ಮಾತ್ರ ನನ್ನ ಮೇಲೆ ಸಿಡುಕಿದರು. "ಮಗುವನ್ನು ಗುಡ್ಡದ ಕೆಳಗೇ ಇಟ್ಟುಕೊಳ್ಳಿ ಎನ್ನುತ್ತೀರಾ?" ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅಪಾಯದ ಸೂಚನೆ ಬಂದರೆ ಮನೆ ಬಿಡಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಪಾಲನಾ ಕೇಂದ್ರ ನಡೆಸಿದ ಅನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್, ಎಳೆಯ ಮಕ್ಕಳನ್ನು ಬಾಂಬಿಗಿಂತ ಹೆಚ್ಚಾಗಿ ಕಂಗೆಡಿಸಿದ್ದು ತಾಯಿಯ ಅಗಲಿಕೆ ಎಂದು ಬರೆದಿದ್ದಾರೆ. ಅದನ್ನು ಓದಿ ಬಾಂಬಿನ ಕೆಳಗೆ ನಿಲ್ಲಿ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಕಿಲ್ಲ. ಹೋಗುವುದಾದರೆ ತಾಯಿಯೂ ಜೊತೆಗೆ ಹೋಗಲಿ ಎಂಬುದಷ್ಟೇ ನನ್ನ ವಾದ. ಕುಶಾಲನಗರದ ಕಡೆ ಮಳೆ ಕಡಿಮೆ; ಹೊಳೆ ನೀರು ನುಗ್ಗದ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರೆ ತಂದೆ ತೋಟ ನೋಡಿಕೊಂಡು ಬಂದು ಹೋಗಬಹುದು. ಬಾಡಿಗೆ ಕೊಡಲಾಗದ ಮನೆಗಳಿವೆ, ಗೊತ್ತು. ಅವರಿಗೆ ಹೇಳುವುದು: ಕಳುಹಿಸಲೇಬೇಕಾದರೆ ಮೊದಲೇ ತಿಳಿಸಿ, ಎಚ್ಚರವಾಗಿರುವಾಗಲೇ ಹೊರಡಿ, ಮಗು ಅಳಲಿ. ತಾಯಿಯ ಹಳೆಯ ಸ್ವೆಟರನ್ನೋ ಹೊದಿಕೆಯನ್ನೋ ಒಗೆಯದೆ ಜೊತೆಗೆ ಕೊಡಿ. ದಿನವೂ ಒಂದೇ ಹೊತ್ತಿಗೆ ಫೋನ್ ಮಾಡಿ.

ಕೊನೆಯ ಭೇಟಿಯಲ್ಲಿ ತಂದೆ ಕೇಳಿದರು, "ನಮ್ಮ ಗುಡ್ಡ ಬೀಳುವುದೇ ಇಲ್ಲ ಎಂದು ಮಾತು ಕೊಡಲೇ?" ಬೇಡ ಎಂದೆ. ಗೊತ್ತಿಲ್ಲದ್ದಕ್ಕೆ ಮಾತು ಕೊಡಬಾರದು. ಗುಡ್ಡವನ್ನು ಕಾಯುವುದು ದೊಡ್ಡವರ ಕೆಲಸ, ಹೊರಡುವಾಗ ನಿನ್ನನ್ನು ಎಬ್ಬಿಸಿಯೇ ಹೊರಡುತ್ತೇವೆ, ಎಲ್ಲರೂ ಒಟ್ಟಿಗೆ ಎಂದು ಹೇಳಿ ಎಂದೆ. ಹುಡುಗ ಈಗಲೂ ಆಗೊಮ್ಮೆ ಈಗೊಮ್ಮೆ ಹಾಸಿಗೆ ಒದ್ದೆ ಮಾಡುತ್ತಾನೆ. ರಾತ್ರಿ ನಿದ್ದೆ ಮಾಡುತ್ತಿದ್ದಾನೆ. ಬರುವ ಮಳೆಗಾಲಕ್ಕೆ ಕುಶಾಲನಗರದಲ್ಲಿ ಕೋಣೆ ಹುಡುಕುತ್ತಿದ್ದಾರೆ. ಅಜ್ಜ ಇನ್ನೂ ಒಪ್ಪಿಲ್ಲ.